ಕರೆಂಟ್ ಬಂದ ಮೇಲೆ

ಅತೀಯಾ ಹೂವಿನ ಚಿತ್ತಾರದ ಬೆಡ್‌ಶೀಟನ್ನು ಟಿವಿಯ ಮೇಲೆ ಎಸೆದು, ಬಗ್ಗಿ, ಗೋಡೆಯಲ್ಲಿದ್ದ ಪ್ಲಗ್ಗುಗಳನ್ನೆಲ್ಲ ಕಿತ್ತಳು. ಸಾವಿನ ಮನೆಯಲ್ಲಿ ಟಿವಿಯ ಮುಖ ಕಾಣಿಸಬಾರದು ಎಂಬ ಕಾನೂನನ್ನು ಅವಳು ಯಾವ ಕಿತಾಬಿನಲ್ಲಿ ಓದಿದ್ದಳೋ ಗೊತ್ತಿಲ್ಲ. ಅವಳನ್ನು ಕೇಳುವ ಎದೆಗಾರಿಕೆಯುಳ್ಳವರು ಆ ಮನೆತನದಲ್ಲಿ ಇನ್ನೂ ಹುಟ್ಟಿರಲಿಲ್ಲ.

"ಆಪಾ, ತಡೀರಿ" ಎಂದ ಮುಜಫ್ಫರ್, ಬಾಗಿಲಲ್ಲಿ ನಿಂತು. ಟಿವಿ ಇದ್ದದ್ದು ಬಾಗಿಲಿನ ಗೋಡೆಗೇ. ಅವನು ನಿಂತಲ್ಲಿಂದ ಅದರ ಅಂಚಷ್ಟೇ ಕಾಣುತ್ತಿತ್ತು. "ಅದು ಆನ್ ಇತ್ತಾ?"

"ಯಾವ್ದು?"

"ಟಿವಿ. ನೀವು ಬಟ್ಟೆ ಹಾಕೋವಾಗ ಅದ್ರಲ್ಲಿ ಏನ್ ಕಾಣಿಸ್ತಿತ್ತು? ಅಂಗಡಿ ಇತ್ತಾ, ಬರೀ ಕಪ್ಪಿತ್ತಾ?"

ಅಕ್ಕ ತಮ್ಮನನ್ನು ಮೇಲಿನಿಂದ ಕೆಳಗಿನವರೆಗೆ ನೋಡಿದಳು. ಮಂಚದ ಮೇಲೆ, ಬಿಳಿ ಚಾದರದ ಕೆಳಗೆ, ಅವನ ಹೆಂಡತಿ ಅಕ್ಬರಿ ಇದ್ದಳು. ಪ್ರಾಣ ಹೋಗಿ ಇನ್ನೂ ಮೈ ಪೂರ್ತಿ ಆರಿರಲಿಲ್ಲ. ಸುತ್ತ ಕೂತು ತಸ್ಬೀಹ್ ಮಣಿ ಎಣಿಸುತ್ತಿದ್ದ ಹೆಂಗಸರು ಎಣಿಕೆ ತಪ್ಪದಂತೆಯೇ ತಲೆಯೆತ್ತಿದರು. ಬೆರಳು ಒಂದು ಕೆಲಸ, ಕಿವಿ ಇನ್ನೊಂದು ಕೆಲಸ ಮಾಡುವ ವಿದ್ಯೆ ಅವರಿಗೆ ಹಳೆಯದು.

"ಮುಜ್ಜು, ನಾನು ಅಳ್ತಾ ಮೆಟ್ಲು ಹತ್ತಿದೋಳು, ಟಿವಿ ನೋಡೋಕೆ ಬಂದೋಳಲ್ಲ" ಎಂದಳು ಅತೀಯಾ. "ನಡಿ ಕೆಳಗೆ. ಗಂಡಸರ ಜೊತೆ ಕೂತ್ಕೋ. ಇಲ್ಲಿ ಗುಸುಲ್‌ಗೆ ಮೈ ತೊಳೆಯೋ ನೀರು ಕಾಯಿಸ್ಬೇಕು."

ಬಾಗಿಲು ಮುಚ್ಚಿತು. ಟಿವಿಯ ಬೆನ್ನಿಗೆ ಅಂಟಿಸಿದ್ದ ಸಾಬೂನು ಡಬ್ಬಿಯಷ್ಟಗಲದ ಕಂಪ್ಯೂಟರಿನ ದೀಪವೂ ಆರಿದ್ದನ್ನು ಬಾಗಿಲು ಮುಚ್ಚುವ ಮುಂಚೆ ಮುಜಫ್ಫರ್ ಕಂಡಿದ್ದ. ಇನ್ನು ಅದನ್ನು ಕೇಳಿ ಪ್ರಯೋಜನವಿರಲಿಲ್ಲ.

ಕೆಳಗೆ, ಆರ್.ಟಿ. ನಗರದ ಆ ಕಿರಿದಾದ ಅಡ್ಡರಸ್ತೆಯಲ್ಲಿ, ಬಾಡಿಗೆಯ ಪ್ಲಾಸ್ಟಿಕ್ ಕುರ್ಚಿಗಳು ಆಗಲೇ ಬಂದಿದ್ದವು. ಅವನು ಬಂದು ಕೂತದ್ದಕ್ಕೆ ಮಾತು ಒಂದು ಕ್ಷಣ ನಿಂತು, ಮತ್ತೆ ಶುರುವಾಯಿತು.

"ಜನಾಜಾ ಸಂಜೆ ಅಸರ್ ನಮಾಜ್ ಆದ್ಮೇಲಂತೆ."

"ಪಾಪ, ಪಾರಾದ್ರು ಬಿಡಿ. ಹಾಸಿಗೆ ಹಿಡಿದು ಎಷ್ಟು ವರ್ಷ ಆಯ್ತು."

"ನಮ್ಮನೆ ಹಾಲ್ ಫ್ಯಾನು ಅಕ್ಬರಿ ಚಾಚಿ ಕೈಯಲ್ಲೇ ವೈಂಡಿಂಗ್ ಆಗಿದ್ದು. ಮನೆ ಎರಡು ಸಲ ಬದಲಾಯಿಸಿದ್ವಿ, ಫ್ಯಾನ್ ಬದಲಾಯಿಸಲಿಲ್ಲ."

ಮುಜಫ್ಫರ್ ಕೇಳಿಸಿಕೊಳ್ಳುತ್ತಿರಲಿಲ್ಲ. ಅವನ ತಲೆಯಲ್ಲಿ ಬೆಳಗಿನ ಒಂದು ಸಣ್ಣ ತುಂಡು ಹೊತ್ತು ಮೋಟರಿನ ಹಾಗೆ ಸುತ್ತುತ್ತಿತ್ತು. ಅವನು ಅಂಗಡಿಯಲ್ಲಿದ್ದ. ಕರೆಂಟು ಹೋಯಿತು, ಬಂತು. ಕರೆಂಟು ಬಂದ ಮೇಲೆ ಮನೆಯ ಆ ಡಬ್ಬಿ ತಾನಾಗಿ ಎಚ್ಚರಗೊಂಡು, ತಾನಾಗಿ ಲಾಗಿನ್ ಆಗಿ, ಅಂಗಡಿಯ ಕ್ಯಾಮೆರಾದ ಚಿತ್ರವನ್ನು ಟಿವಿಯಲ್ಲಿ ತಾನಾಗಿ ತೆರೆಯಬೇಕು. ಹಾಗೆ ತೆರೆಯಲೆಂದೇ ಅವನು ಒಂದು ಮಳೆಗಾಲ ಪೂರ್ತಿ ತಲೆ ಕೆಡಿಸಿಕೊಂಡಿದ್ದ. ಆಮೇಲೆ ಸ್ವಲ್ಪ ಹೊತ್ತಿಗೆ ಮೊಬೈಲ್ ಹೊಡೆದುಕೊಂಡಿತ್ತು: "ಸಾಬ್ರೇ, ಬೇಗ ಬನ್ನಿ." ಓಡಿ ಬಂದಾಗ ಅವನಿಗೆ ಕಂಡದ್ದು ಅಕ್ಬರಿಯ ಮುಖ ಮಾತ್ರ. ಟಿವಿ ಅವನ ಬೆನ್ನ ಹಿಂದಿತ್ತು. ತಿರುಗಿ ನೋಡಬೇಕೆಂದು ಆ ಹೊತ್ತಿನಲ್ಲಿ ಯಾರಿಗೆ ಹೊಳೆಯುತ್ತದೆ.

ಈಗ ಹೊಳೆಯುತ್ತಿತ್ತು. ಟಿವಿಯಲ್ಲಿ ಕ್ಯಾಮೆರಾದ ಕಿಟಕಿ ತೆರೆದಿತ್ತೋ ಇಲ್ಲವೋ? ತೆರೆದಿರದಿದ್ದರೆ ಅವಳು ಕಪ್ಪು ಪರದೆಯನ್ನು ನೋಡುತ್ತ ಹೋದಳು. ತೆರೆದಿದ್ದರೆ ಖಾಲಿ ಕುರ್ಚಿಯನ್ನು ನೋಡುತ್ತ ಹೋದಳು. ಏಕೆಂದರೆ ಆ ಹೊತ್ತಿನಲ್ಲಿ ಮುಜಫ್ಫರ್ ಕುರ್ಚಿಯಲ್ಲಿರಲಿಲ್ಲ. ಕ್ಯಾಮೆರಾದ ಕಣ್ಣಿಗೆ ಸಿಗದ ಮೂಲೆಯಲ್ಲಿ ಹಳೇ ಮೋಟರ್ ಪೆಟ್ಟಿಗೆಯ ಮೇಲೆ ಕೂತು, ಸಕ್ಕರೆ ಹಾಕಿದ ಚಾ ಕುಡಿಯುತ್ತಿದ್ದ.

ಎರಡರಲ್ಲಿ ಯಾವುದು ನಿಜವಾದರೂ ಅವನಿಗೆ ಲಾಭವಿರಲಿಲ್ಲ. ಆದರೂ ತಿಳಿಯಬೇಕಿತ್ತು.

*

ಅಕ್ಬರಿ ಚಿಕ್ಕಬಾಣಾವರದವಳು, ರೈಲು ಹಳಿಯ ಪಕ್ಕದ ಮನೆಯ ಹುಡುಗಿ. ಮದುವೆಯಾಗಿ ಬಂದ ಹೊಸದರಲ್ಲಿ, ಸುಟ್ಟುಹೋದ ಫ್ಯಾನಿಗೆ ಗಂಡ ತಾಮ್ರದ ತಂತಿ ಸುತ್ತುವುದನ್ನು ಬಾಗಿಲ ಪರದೆಯ ಹಿಂದಿನಿಂದ ಕೆಲವು ದಿನ ನೋಡಿದಳು. ಆಮೇಲೆ, "ಅದೇನು ಅಷ್ಟು ಬಿಗಿಯಾಗಿ ಎಳೀತೀರಾ, ತಂತಿ ನಿಮಗೇನ್ ಮಾಡಿದೆ" ಎಂದು ಕೇಳಿ ಕಾಯಿಲನ್ನು ತಾನೇ ಕಿತ್ತುಕೊಂಡಳು. ಅವಳು ಸುತ್ತಿದ ತಂತಿ ಕೂದಲು ಬಾಚಿದ ಹಾಗೆ ಒಂದರ ಪಕ್ಕ ಒಂದು ಕೂರುತ್ತಿತ್ತು. ಅಂದಿನಿಂದ ಅಂಗಡಿಗೆ ಬಂದ ಫ್ಯಾನುಗಳು ಮನೆಗೆ ಹೋಗಿ, ಅಡುಗೆಮನೆಯ ಕಿಟಕಿಯ ಕೆಳಗೆ ವೈಂಡಿಂಗ್ ಆಗಿ, ಮತ್ತೆ ಅಂಗಡಿಗೆ ಬಂದವು. ಗಿರಾಕಿಗಳು "ಮುಜಫ್ಫರ್ ಭಾಯ್ ಕೈಗುಣ" ಎಂದು ಹೊಗಳಿದರು. ಮುಜಫ್ಫರ್ ಆ ಹೊಗಳಿಕೆಯನ್ನು ಸಂಕೋಚವಿಲ್ಲದೆ ತೆಗೆದುಕೊಂಡ. ಬೇಸಿಗೆಯ ಹೊತ್ತಿಗೆ ಆರ್.ಟಿ. ನಗರದ ಅರ್ಧ ಜನ ಅಕ್ಬರಿಯ ಗಾಳಿಯಲ್ಲಿ ಮಲಗುತ್ತಿದ್ದರು. ನೆಂಟರನ್ನು ಬಿಟ್ಟರೆ ಅದು ಯಾರಿಗೂ ಗೊತ್ತಿರಲಿಲ್ಲ.

ಲಕ್ವ ಹೊಡೆದದ್ದು ಬಲಗೈಗೇ. ಬಲಗಾಲಿಗೂ, ಬಾಯಿಯ ಬಲತುದಿಗೂ. ಮಾತು ಉಳಿಯಿತು, ಉಳಿದದ್ದಷ್ಟೇ ಅಲ್ಲ, ಕೈಯ ಕೆಲಸವನ್ನೂ ಅದೇ ವಹಿಸಿಕೊಂಡಿತು.

"ಈ ಗೋಡೇನ ಎಷ್ಟು ಅಂತ ನೋಡ್ಲಿ?" ಎಂದಳು ಒಂದು ದಿನ.

ಮಗಳು ರುಖ್ಸಾರ್ ಟಿ. ದಾಸರಹಳ್ಳಿಯಿಂದ ಟಿವಿ ತಂದು ಗೋಡೆಗೆ ಹಾಕಿಸಿದಳು. ಅಕ್ಬರಿ ಎರಡು ದಿನ ಧಾರಾವಾಹಿ ನೋಡಿದಳು. "ಅವರ ಅತ್ತೆ ಸೊಸೆ ಜಗಳ ಕಟ್ಕೊಂಡು ನಂಗೇನು? ತೋರಿಸೋದಿದ್ರೆ ನಮ್ಮ ಅಂಗಡಿ ತೋರ್ಸಿ."

ಅಂಗಡಿ ಎರಡು ರಸ್ತೆ ಆಚೆ. ಅಲ್ಲಿ ಕ್ಯಾಮೆರಾ ಹಾಕುವುದು ಸುಲಭ. ಆದರೆ ಮನೆಯಲ್ಲಿ ಅದನ್ನು ತೆರೆಯುವವರು ಯಾರು? ಮೊಬೈಲು ಎಡಗೈಯಿಂದ ಜಾರಿ ಮೂಗಿನ ಮೇಲೆ ಬೀಳುತ್ತಿತ್ತು. ರಿಮೋಟಿನ ಗುಂಡಿಗಳನ್ನು ಅವಳು ಯಾರೋ ಅವಮಾನ ಮಾಡಲೆಂದೇ ಕಂಡುಹಿಡಿದದ್ದು ಎಂದು ತಿಳಿದಿದ್ದಳು.

ಉತ್ತರ ಸಿಕ್ಕಿದ್ದು ಹೆಬ್ಬಾಳದ ಒಂದು ದರ್ಶಿನಿಯಲ್ಲಿ. ಮುಜಫ್ಫರ್ ಇಡ್ಲಿ ಮುರಿಯುತ್ತಿದ್ದ. ಕ್ಯಾಷಿಯರಿನ ತಲೆಯ ಮೇಲಿನ ಟಿವಿಯಲ್ಲಿ ತಿಂಡಿಗಳ ದರಪಟ್ಟಿ ಇತ್ತು. ಕರೆಂಟು ಹೋಗಿ ಬಂತು. ಪರದೆಯಲ್ಲಿ ಏನೇನೋ ಅಕ್ಷರಗಳು ಓಡಿದವು, ಖಾಲಿ ಬಯಲಿನಲ್ಲಿ ಒಂದು ಬಾಣ ಬಂದು ನಿಂತಿತು, ಆಮೇಲೆ ಯಾರೂ ಮುಟ್ಟದೆ ಇಡ್ಲಿ, ವಡೆ, ಖಾರಾಬಾತ್ ಬೆಲೆ ಸಮೇತ ಮರಳಿ ಬಂದವು.

"ಯಾರ್ ಹಾಕಿದ್ದು ಅದನ್ನ?" ಎಂದು ಅವನು ಕ್ಯಾಷಿಯರನ್ನು ಕೇಳಿದ.

"ಯಾರೂ ಹಾಕಲ್ಲ. ಅದೇ ಬರುತ್ತೆ."

ಉಳಿದ ಇಡ್ಲಿಯನ್ನು ತಟ್ಟೆಯಲ್ಲೇ ಬಿಟ್ಟು ಅವನು ಎದ್ದ.

ತಂಗಿಯ ಮಗ ಸುಫಿಯಾನನ ಕೆಲಸವೇ ಹೋಟೆಲುಗಳಿಗೆ ಇಂಥ ಬೋರ್ಡು ಕೂರಿಸುವುದು. ಅವನು ಅಂಗೈಯಗಲದ ಒಂದು ಲಿನಕ್ಸ್ ಕಂಪ್ಯೂಟರನ್ನು ತಂದುಕೊಟ್ಟ. "ಮಾಮೂ, ನಾನೇ ಮಾಡ್ಕೊಡ್ತೀನಿ" ಎಂದ. ಮುಜಫ್ಫರ್ ಒಪ್ಪಲಿಲ್ಲ. ಊರವರ ಫ್ಯಾನನ್ನು ಬೇಕಾದರೆ ಯಾರಾದರೂ ಮಾಡಲಿ, ಹೆಂಡತಿಯ ಟಿವಿಯನ್ನು ತಾನೇ ಮಾಡಬೇಕು ಎಂದ.

ಮಾಡಿದ್ದು ಕೆಟ್ಟಿತು. ಕಂಪ್ಯೂಟರ್ ಎಚ್ಚರವಾಗುತ್ತಿದ್ದಂತೆಯೇ ಕ್ಯಾಮೆರಾದ ಕಿಟಕಿ ತೆರೆಯಬೇಕೆಂದು ಅವನು ಆಜ್ಞೆ ಬರೆದ. ಏನೂ ತೆರೆಯಲಿಲ್ಲ. ಸುಫಿಯಾನ್ ಬಂದು ನೋಡಿ ನಕ್ಕ.

"ಮಾಮೂ, ಇದು ಹೆಂಗಂದ್ರೆ, ಶಾದಿಮಹಲ್ ಬೀಗ ತೆಗೆಯೋಕೆ ಮುಂಚೆನೇ ದೂಲ್ಹಾ ಬಂದು ನಿಂತಂಗೆ. ಕೂರೋಕೆ ಜಾಗ ಇಲ್ಲ, ವಾಪಸ್ ಹೋದ. ಎಚ್ಚರ ಆಗೋದು ಬೇರೆ, ಲಾಗಿನ್ ಆಗೋದು ಬೇರೆ. ಲಾಗಿನ್ ಆಗಿ ಪರದೆ ರೆಡಿ ಆದ್ಮೇಲೆ ಅದೇ ಕರೆಯುತ್ತೆ. ಯಾರನ್ನ ಕರೀಬೇಕೋ ಅವರ ಹೆಸರಿಡೋಕೆ ಬೇರೆ ಫೋಲ್ಡರ್ ಇದೆ, ಅಲ್ಲಿಡಿ."

ಅಲ್ಲಿಟ್ಟ. ಈಗ ಅದು ಪಾಸ್‌ವರ್ಡ್ ಕೇಳಿತು. "ಸ್ವಂತ ಮನೇಲಿ ಗುಟ್ಟು ಕೇಳ್ತಾರೇನ್ರೀ" ಎಂದಳು ಅಕ್ಬರಿ ಮಂಚದಿಂದ. ಅದನ್ನು ತೆಗೆಸಿದ. ಆಮೇಲೆ ಸ್ವಲ್ಪ ಹೊತ್ತಿಗೆ ಪರದೆ ತಾನೇ ಮಲಗುತ್ತಿತ್ತು, ಮಲಗದಂತೆ ಮಾಡಿದ. ಕೊನೆಯ ತೊಂದರೆ ಕರೆಂಟು ಹೋಗಿ ಬಂದಾಗಿನದು: ಅಂಗಡಿಯ ಕ್ಯಾಮೆರಾ ಏಳುವುದು ನಿಧಾನ, ಮನೆಯ ಡಬ್ಬಿ ಬೇಗ. ಕಿಟಕಿ ತೆರೆದಾಗ ಆಚೆ ಯಾರೂ ಇರುತ್ತಿರಲಿಲ್ಲ. ಕಪ್ಪು ಪರದೆ ಕಪ್ಪಾಗಿಯೇ ಉಳಿಯುತ್ತಿತ್ತು. ಅದಕ್ಕೆ, ತೆರೆಯುವ ಮುಂಚೆ ಸ್ವಲ್ಪ ಹೊತ್ತು ಕಾಯಿ ಎಂದು ಒಂದು ಸಾಲು ಸೇರಿಸಿದ.

ಅಂದಿನಿಂದ ಮುಜಫ್ಫರನಿಗೆ ಅಂಗಡಿಯಲ್ಲಿ ಒಂಟಿತನ ಎನ್ನುವುದೇ ಇಲ್ಲವಾಯಿತು.

"ಆ ಗಿರಾಕಿ ಜೊತೆ ಅಷ್ಟೊತ್ತು ಏನ್ ಮಾತು?" ಎಂದು ಫೋನು. "ಬೆನ್ನು ನೆಟ್ಟಗೆ ಮಾಡಿ ಕೂತ್ಕೊಳ್ಳಿ" ಎಂದು ಫೋನು. ಬೆಳಿಗ್ಗೆ ಶಟರ್ ಎತ್ತಿದ ಕೂಡಲೇ, ಸಲಾಮಿಗೂ ಮೊದಲು: "ಶೋಕೇಸ್ ಗಾಜು ಒರೆಸಿ."

"ನಿನ್ನೆ ತಾನೇ ಒರೆಸಿದ್ನಲ್ಲ."

"ಧೂಳು ಕೂತಿದೆ. ಇಲ್ಲಿಗೇ ಕಾಣ್ತಿದೆ. ಒರೆಸಿ."

ಕೆಪಾಸಿಟರು, ರೆಗ್ಯುಲೇಟರು ಇಟ್ಟ ಆ ಹಳೇ ಶೋಕೇಸಿನ ಮೇಲೆ ಅವಳಿಗೆ ಇದ್ದಕ್ಕಿದ್ದಂತೆ ಯಾಕೆ ಅಷ್ಟು ಪ್ರೀತಿ ಎಂದು ಅವನು ಕೇಳಲಿಲ್ಲ. ಒರೆಸಿದ. ಮಂಚದಲ್ಲಿ ಬಿದ್ದವಳ ಮನಸ್ಸು ಎಲ್ಲಿಯಾದರೂ ಒಂದು ಕಡೆ ಮನೆ ಒರೆಸಬೇಕಲ್ಲ ಎಂದುಕೊಂಡ.

ಚಾದ ವಿಷಯದಲ್ಲಿ ಮಾತ್ರ ಅವಳು ಕಟುಕಳು. ಅವನಿಗೆ ಸಕ್ಕರೆ ಕಾಯಿಲೆ. ಎದುರಿನ ಪಿಳ್ಳಪ್ಪನ ಅಂಗಡಿಯ ಚಾ ಕುರ್ಚಿಗೆ ಬಂದರೆ ಅದರ ಹಿಂದೆಯೇ ಫೋನು ಬರುತ್ತಿತ್ತು. ಹಾಗಾಗಿ ಚಾ ಮೂಲೆಗೆ ಬರತೊಡಗಿತು. ಬಾಗಿಲ ಮೇಲಿದ್ದ ಕ್ಯಾಮೆರಾದ ನೋಟ ಎಲ್ಲಿಗೆ ಮುಗಿಯುತ್ತದೆ ಎಂದು ಹಾಕಿದವನಿಗೆ ಗೊತ್ತಿರದೆ ಇರುತ್ತದೆಯೇ. ಶೋಕೇಸಿಗೆ ಬೆನ್ನು ಮಾಡಿ, ರಸ್ತೆಯ ಕಡೆ ಮುಖ ಮಾಡಿ ಕೂತು, ಅವನು ದಿನಕ್ಕೊಂದು ಲೋಟ ಕಳ್ಳತನ ಕುಡಿಯುತ್ತಿದ್ದ. ಆ ಹೊತ್ತಿನಲ್ಲಿ ಅವಳು ಯಾವತ್ತೂ ಫೋನು ಮಾಡಿದ್ದಿಲ್ಲ. ಗೆದ್ದೆ ಎಂದುಕೊಂಡಿದ್ದ.

*

"ಸುಫಿಯಾನ್, ಅದು ಎಷ್ಟೊತ್ತಿಗೆ ತೆರೀತು ಅಂತ ಅದರೊಳಗೆ ಎಲ್ಲಾದ್ರೂ ಇರುತ್ತಾ?"

ಸುಫಿಯಾನ್ ಕಫನ್ ಬಟ್ಟೆಯ ಕಟ್ಟು ಹಿಡಿದು ಮೆಟ್ಟಿಲ ಬಳಿ ನಿಂತಿದ್ದ. ಅವನ ಕಣ್ಣು ಕೆಂಪಾಗಿತ್ತು. "ಯಾವ್ದು ಮಾಮೂ?"

"ಡಬ್ಬಿ. ಬೆಳಿಗ್ಗೆ ಕರೆಂಟ್ ಬಂದಾಗ ತೆರೀತೋ ಇಲ್ವೋ. ಹೋದ ವಾರ ನಾನು ಕಾಯೋ ಹೊತ್ತನ್ನ ಅರ್ಧ ಮಾಡ್ಬಿಟ್ಟಿದ್ದೆ ಕಣೋ. ನೀವೇ ನಡ್ಕೊಂಡು ಬಂದ್ರೂ ಇಷ್ಟು ತಡ ಆಗಲ್ಲ ಅಂತ ನಿಮ್ಮ ಮುಮಾನಿ ದಿನಾ ಕಾಟ. ಆಮೇಲೆ ಕರೆಂಟೇ ಹೋಗಿರ್ಲಿಲ್ಲ. ಇವತ್ತೇ ಮೊದಲು."

"ಇಲ್ಲ ಮಾಮೂ. ಯಾವಾಗ ಏನಾಯ್ತು ಅಂತ ಬರೀತಾ ಇದ್ರೆ ಮೆಮೊರಿ ಕಾರ್ಡ್ ಬೇಗ ಸವೆಯುತ್ತೆ ಅಂತ ಅದೆಲ್ಲ ನಾನೇ ನಿಲ್ಲಿಸಿದ್ದೆ."

"ಈಗ ಪ್ಲಗ್ ಹಾಕಿದ್ರೆ?"

"ಈಗ ತೆರೆಯುತ್ತೆ. ಅಂಗಡಿ ಕ್ಯಾಮೆರಾ ಎದ್ದೇ ಇದೆಯಲ್ಲ. ಬೆಳಿಗ್ಗೆ ಎರಡೂ ಒಟ್ಟಿಗೆ ಸತ್ತು ಎದ್ದಿದ್ದು. ಅದು ಇದರಿಂದ ಗೊತ್ತಾಗಲ್ಲ." ಅವನು ಕಟ್ಟನ್ನು ಎದೆಗೊತ್ತಿಕೊಂಡ. "ಮಾಮೂ, ಈಗ ಅದೆಲ್ಲ ಯಾಕೆ?"

"ಸುಮ್ನೆ ಕೇಳ್ದೆ."

ಊರಿಗೆಲ್ಲ ಕರೆಂಟು ರಿಪೇರಿ ಮಾಡುವವನ ಮನೆಯಲ್ಲಿ ಯುಪಿಎಸ್ ಬ್ಯಾಟರಿ ಸತ್ತು ಬಿದ್ದು ಎಷ್ಟೋ ಕಾಲವಾಗಿತ್ತು. ಅದನ್ನು ಯಾರೂ ಕೇಳಲಿಲ್ಲ, ಅವನೇ ಕೇಳಿಕೊಂಡ.

ತಿಳಿದವರು ಒಬ್ಬರೇ ಇದ್ದರು. ಪಿಳ್ಳಪ್ಪನ ಹೆಂಡತಿ ಮುನಿನಾರಾಯಣಮ್ಮ. ಅವನು ಅಂಗಡಿಗೆ ಹೋದ ಮೇಲೆ ಅಕ್ಬರಿಯ ಬಳಿ ಸೊಪ್ಪು ಸೋಸುತ್ತ ಕೂರುತ್ತಿದ್ದವಳು ಅವಳೇ, ಬೆಳಿಗ್ಗೆ ಫೋನು ಮಾಡಿದವಳೂ ಅವಳೇ. ಆದರೆ ಕುರ್ಚಿಗಳ ಕೊನೆಯಲ್ಲಿ ತಲೆಗೆ ಟವೆಲ್ಲು ಹಾಕಿಕೊಂಡು ಕೂತಿದ್ದ ಪಿಳ್ಳಪ್ಪ ಕೈ ಆಡಿಸಿದ.

"ಅವ್ಳಾ? ಬಿಪಿ ಏರಿ ಮಲ್ಗವ್ಳೆ ಸಾಬ್ರೇ. ಗುಳಿಗೆ ಕೊಟ್ಟಿವ್ನಿ. ಎದ್ ಮ್ಯಾಲೆ ಬತ್ತಾಳೆ. ಏನಾರಾ ಏಳ್ಬೇಕಿತ್ತಾ?"

"ಕೇಳ್ಬೇಕಿತ್ತು."

"ಕೇಳಿವ್ರಂತೆ ಬುಡಿ. ಸಂಜೆಗೆ ಕೇಳಿವ್ರಂತೆ." ಪಿಳ್ಳಪ್ಪ ದನಿ ತಗ್ಗಿಸಿದ. "ಬೆಳಿಗ್ಗೆ ಚಾ ನಾನೇ ಕೊಟ್ನಲ್ಲ. ಅದೇ ಒಟ್ಟೆ ಒಳ್ಗೆ ಕುಯ್ತಾ ಐತೆ."

ಒಂದೇ ಲೋಟ ಇಬ್ಬರನ್ನೂ ಕುಯ್ಯುತ್ತಿತ್ತು.

ಮಧ್ಯಾಹ್ನದ ಜೊಹರ್ ನಮಾಜ್ ಆದ ಮೇಲೆ ಮೇಲಿನಿಂದ ಕರೆ ಬಂತು. ಗುಸುಲ್ ಮುಗಿದಿತ್ತು. ಕರ್ಪೂರದ ವಾಸನೆ ಮೆಟ್ಟಿಲಿಳಿದು ರಸ್ತೆಗೆ ಬಂದಿತ್ತು. ಆದರೆ ಬಾಗಿಲಲ್ಲಿ ಅತೀಯಾ ಅಡ್ಡ ನಿಂತಿದ್ದಳು.

"ಹೆಂಡ್ತಿ ಸತ್ತ ಕೂಡ್ಲೇ ನಿಕಾಹ್ ಕಡಿದು ಹೋಯ್ತು. ಇನ್ನು ಗಂಡ ಪರಕೀಯ. ಮುಖ ನೋಡ್ಬಾರ್ದು."

"ಫುಪ್ಪೂ, ದಮ್ಮಯ್ಯ ಬಿಡಿ" ಎಂದಳು ಒಳಗಿನಿಂದ ರುಖ್ಸಾರ್. ಅತ್ತು ಅತ್ತು ದನಿ ಒಡೆದಿತ್ತು.

"ನಾನ್ ಹೇಳ್ತಿರೋದಲ್ಲ. ನಮ್ಮ ಅಮ್ಮೀ ಕಾಲದಿಂದ ಬಂದಿದ್ದು."

ಮೆಟ್ಟಿಲ ತಿರುವಿನಲ್ಲಿ ನಿಂತಿದ್ದ ಮಸೀದಿಯ ಹಜರತ್ ಗಂಟಲು ಸರಿಮಾಡಿಕೊಂಡರು. ಅವರು ವಯಸ್ಸಿನಲ್ಲಿ ಚಿಕ್ಕವರು. ಅತೀಯಾ ಅವರನ್ನು ತೊಟ್ಟಿಲಲ್ಲಿ ಕಂಡವಳು. "ಆಪಾ, ಮುಟ್ಟೋ ಹಾಗಿಲ್ಲ ಅಷ್ಟೆ. ನೋಡಬಹುದು. ಅಮ್ಮೀ ಕಾಲದಲ್ಲೂ ನೋಡಬಹುದಿತ್ತು, ಅವರಿಗೆ ಯಾರೋ ತಪ್ಪಾಗಿ ಹೇಳಿರ್ತಾರೆ."

ಅತೀಯಾ ಸರಿದಳು. ಸೋತವಳ ಹಾಗಲ್ಲ, ಸಾಕ್ಷಿಯಾಗಿ ನಿಲ್ಲುವವಳ ಹಾಗೆ.

ಹೆಂಗಸರು ಸೆರಗು ಎಳೆದುಕೊಂಡು ದಾರಿಬಿಟ್ಟರು. ಬಿಳಿಯ ನಡುವೆ ಮುಖವಷ್ಟೇ ಉಳಿದಿತ್ತು. ವರ್ಷಗಳಿಂದ ಒಂದು ಕಡೆಗೆ ವಾಲಿದ್ದ ಬಾಯಿ ಈಗ ನೆಟ್ಟಗಾಗಿತ್ತು. ಅದರಿಂದ ಅವಳು ಕೊಂಚ ಅಪರಿಚಿತಳಾಗಿ, ಮದುವೆಯ ಹೊಸದರಲ್ಲಿ ಪರದೆಯ ಹಿಂದೆ ನಿಂತು ತಂತಿ ನೋಡುತ್ತಿದ್ದ ಹುಡುಗಿಯ ಹಾಗೆ ಕಂಡಳು. ತಲೆಯ ಮೇಲೆ ಅವಳೇ ಸುತ್ತಿದ ಫ್ಯಾನು ತಿರುಗುತ್ತಿತ್ತು. ಸದ್ದೇ ಇರಲಿಲ್ಲ.

ಅವಳ ಕಣ್ಣು ಮುಚ್ಚಿಸಿದ್ದರು. ಅದು ಕೊನೆಯಲ್ಲಿ ಎತ್ತ ನೋಡುತ್ತಿತ್ತು? ಅವನಿಗೇ ತಿಳಿಯದಂತೆ ಅವನ ಮುಖ ತಿರುಗಿತು. ಮಂಚದಿಂದ ನೇರವಾಗಿ ಎದುರಿನ ಗೋಡೆಗೆ, ಬೆಡ್‌ಶೀಟ್ ಹೊದ್ದ ಟಿವಿಗೆ.

"ನೋಡಿ" ಎಂದು ಯಾರೋ ಪಿಸುಗುಟ್ಟಿದರು. "ಇಂಥ ಹೊತ್ತಲ್ಲೂ."

ಅವನು ಮತ್ತೆ ಅವಳ ಕಡೆ ತಿರುಗುವಷ್ಟರಲ್ಲಿ ಅತೀಯಾ ಮುಖದ ಬಟ್ಟೆ ಎಳೆದಾಗಿತ್ತು.

*

ಖಬರಸ್ತಾನದಲ್ಲಿ ಮಣ್ಣು ಒಣಗಿತ್ತು. ಅಳಿಯ ನಯೀಮ್, ಸುಫಿಯಾನ್ ಮತ್ತಿಬ್ಬರು ಒಳಗಿಳಿದು ಅವಳನ್ನು ತೆಗೆದುಕೊಂಡರು. ಮುಜಫ್ಫರ್ ಮೂರು ಹಿಡಿ ಮಣ್ಣು ಹಾಕಿದ. ಮೊದಲನೆಯದು ಬೆರಳ ಸಂದಿಯಿಂದಲೇ ಸೋರಿಹೋಯಿತು. ಪಕ್ಕದವರು ಅವನ ಮುಷ್ಟಿ ಬಿಗಿ ಮಾಡಿ ತುಂಬಿಕೊಟ್ಟರು. ಹಜರತ್ ದುಆ ಓದಿದರು. ಎಲ್ಲರೂ "ಆಮೀನ್" ಎಂದಾಗ ಗೇಟಿನ ಹೊರಗೆ ಚಪ್ಪಲಿ ಕಳಚಿ, ಕೈ ಮುಗಿದು ನಿಂತಿದ್ದ ಪಿಳ್ಳಪ್ಪನೂ ಒಂದು ಕ್ಷಣ ತಡವಾಗಿ ತುಟಿ ಅಲ್ಲಾಡಿಸಿದ.

ಹಿಂತಿರುಗುವಾಗ ಯಾರೋ ಮುಂದಿನ ಕಾರ್ಯಗಳ ಮಾತೆತ್ತಿದರು, ಯಾರೋ ಊಟಕ್ಕೆ ಯಾರ ಮನೆಯಿಂದ ಎಂದು ಕೇಳಿದರು. ಮುಜಫ್ಫರ್ ಗುಂಪಿಗಿಂತ ಹಿಂದುಳಿದು ನಡೆದ. ಪಿಳ್ಳಪ್ಪ ಅವನ ಪಕ್ಕಕ್ಕೆ ಬಂದ. ಮಸೀದಿಯ ತಿರುವು ದಾಟುವಾಗ ಪಿಳ್ಳಪ್ಪ ಟವೆಲ್ಲಿನಿಂದ ಮುಖ ಒರೆಸಿಕೊಂಡು, ಬಿಸಿಲನ್ನು ಬೈದ. ಬಿಸಿಲು ಇಳಿದು ಬಹಳ ಹೊತ್ತಾಗಿತ್ತು.

ಮನೆಯ ಕೆಳಗಿನ ಮೆಟ್ಟಿಲಲ್ಲಿ ಮುನಿನಾರಾಯಣಮ್ಮ ಕೂತಿದ್ದಳು, ಗೋಡೆಗೊರಗಿ. ಅವನನ್ನು ಕಂಡು ಎದ್ದಳು. ಎದ್ದವಳು ಮತ್ತೆ ಕೂತಳು.

"ಕಳಿಸ್ಕೊಟ್ರಾ ಸಾಬ್ರೇ?"

"ಕಳಿಸ್ದೆ."

ಅವನು ಎರಡು ಮೆಟ್ಟಿಲು ಕೆಳಗೆ ಕೂತ. ಬೆಳಗಿನಿಂದ ನಾಲಿಗೆಯ ತುದಿಯಲ್ಲಿದ್ದ ಪ್ರಶ್ನೆ ಈಗ ಹೊರಬರಲು ಹೆದರಿತು. ಎರಡು ಉತ್ತರವೂ ಅವನಿಗೆ ಗೊತ್ತಿತ್ತು. ಯಾವುದು ಎಂದು ಗೊತ್ತಾದ ಮೇಲೆ ಇನ್ನೊಂದರ ಆಸೆಯೂ ಉಳಿಯುವುದಿಲ್ಲ.

"ಅಮ್ಮಾ, ಬೆಳಿಗ್ಗೆ ಕರೆಂಟ್ ಹೋಗಿ ಬಂತಲ್ಲ. ಟಿವೀಲಿ ಅಂಗಡಿ ಬಂತಾ?"

"ಬಂತಪ್ಪ."

"ಸರಿಯಾಗಿ ನೆನಪಿದೆಯಾ?"

"ನೆಪ್ಪಿಲ್ದೆ ಏನು. ಮೊದ್ಲು ಕಪ್ಪುಗಿತ್ತು. ಅಕ್ಬರಮ್ಮ ಅಂದ್ರು, ತಡಿ ಬತ್ತದೆ, ಅದ್ರ ಯಜಮಾನನಂಗೆ ಅದೂ ಸೋಮಾರಿ ಅಂದ್ರು. ಆಮ್ಯಾಕೆ ಬಂತು. ಅಂಗ್ಡಿ ಬಂತು, ಟೇಬಲ್ಲು ಬಂತು, ಕುರ್ಚಿ ಬಂತು. ನೀವಿರ್ನಿಲ್ಲ."

ಮುಜಫ್ಫರ್ ತಲೆ ತಗ್ಗಿಸಿದ. ಕೈಯ ಗೆರೆಗಳಲ್ಲಿ ಖಬರಸ್ತಾನದ ಮಣ್ಣು ಇನ್ನೂ ಇತ್ತು.

"ನಾನಂದೆ, ಸಾಬ್ರು ಎಲ್ಲೋ ಓಗವ್ರೆ ಅಂತ. ಎಲ್ಲೂ ಓಗಿಲ್ಲ, ಗಾಜ್ ನೋಡು ಅಂದ್ರು."

"ಏನಂದ್ಲು?"

"ಗಾಜ್ ನೋಡು, ಅಲ್ಲವ್ರೆ, ಕದ್ದು ಚಾ ಕುಡೀತಾವ್ರೆ ಅಂದ್ರು. ನಂಗೆ ಯಾವ್ ಗಾಜೋ ಏನೋ, ಏನೂ ಕಾಣ್ನಿಲ್ಲ. ನನ್ ಕಣ್ಣು ಮೊದ್ಲೇ ಮಂಜು. ಬೈಯಿರಿ ಮತ್ತೆ, ಪೋನ್ ಮಾಡಿ ಬೈಯಿರಿ ಅಂದೆ. ಅದುಕ್ಕೆ ಅವ್ರು," ಮುನಿನಾರಾಯಣಮ್ಮ ಸೆರಗಿನ ತುದಿಯನ್ನು ಬಾಯಿಗೊತ್ತಿ ತೆಗೆದಳು. "ಒಂದ್ ಲೋಟ ಕುಡ್ಕಳ್ಲಿ ಬುಡು, ಗೆದ್ದೆ ಅನ್ಕೊಂಡವ್ರೆ ಪಾಪ, ಅಂದ್ರು. ಬಾಯ್ ವಾರೆ ಮಾಡ್ಕಂಡು ನಕ್ರು. ನೋಡ್ತಾನೇ ಇದ್ರು. ನೀರ್ ಕೊಡು ಅಂದ್ರು. ನಾನ್ ನೀರ್ ತರೋ ಒತ್ಗೆ ಅಂಗೇ ನೋಡ್ತಾ ಇದ್ರು ಸಾಬ್ರೇ. ಲೋಟ ಬಾಯಿಗಿಟ್ರೆ ನೀರ್ ಆಚೆ ಬಂತು."

ಮೇಲಿನಿಂದ ಹೆಂಗಸರ ಮಾತು, ಪಾತ್ರೆಯ ಸದ್ದು ಕೇಳಿಬರುತ್ತಿತ್ತು. ಯಾರದೋ ಮನೆಯಿಂದ ಊಟ ಬಂದಿತ್ತು.

ಮುಜಫ್ಫರ್ ಮೇಲೆ ಹೋದ. ಮಂಚದಿಂದ ಹಾಸಿಗೆ ತೆಗೆದಿದ್ದರು. ರುಖ್ಸಾರ್ ನೆಲದಲ್ಲಿ ಕೂತಿದ್ದಳು. ಅತೀಯಾ ತುಟಿ ಬಿಗಿದು ಕಿಟಕಿಯ ಬಳಿ ಇದ್ದಳು.

"ಬೇಟಾ, ಟಿವಿ ಪ್ಲಗ್ ಹಾಕು. ಡಬ್ಬಿದೂ."

"ಅಬ್ಬಾ, ಇವತ್ತು..."

"ಬೇರೇನೂ ಮುಟ್ಬೇಡ. ಅದೇ ಬರುತ್ತೆ."

"ಯಾರ್ ನೋಡ್ಬೇಕು ಅಬ್ಬಾ?"

ಅವನು ಬೀಗದ ಕೈ ತೆಗೆದುಕೊಂಡು ಇಳಿದ. ಅತೀಯಾ ಎದ್ದು ಹೋಗಿ ಬೆಡ್‌ಶೀಟನ್ನು ತಾನೇ ಎಳೆದು, ಮಡಿಸತೊಡಗಿದಳು. ಮಡಿಕೆ ಸರಿಬರಲಿಲ್ಲ, ಬಿಚ್ಚಿ ಮತ್ತೆ ಮಡಿಸಿದಳು.

*

ಶಟರನ್ನು ಅರ್ಧ ಎತ್ತಿ, ಬಗ್ಗಿ ಒಳಗೆ ಹೋಗಿ ಅವನು ದೀಪ ಹಾಕಿದ. ಬೆಳಿಗ್ಗೆ ಓಡಿದಾಗ ಬಿಟ್ಟುಹೋದದ್ದೆಲ್ಲ ಇದ್ದಲ್ಲೇ ಇತ್ತು. ಟೇಬಲ್ಲಿನ ಮೇಲೆ ಬಿಚ್ಚಿಟ್ಟ ಮಿಕ್ಸಿ. ಮೂಲೆಯಲ್ಲಿ, ಮೋಟರ್ ಪೆಟ್ಟಿಗೆಯ ಪಕ್ಕದ ನೆಲದಲ್ಲಿ, ಕೆನೆಗಟ್ಟಿದ ಅರ್ಧ ಲೋಟ ಚಾ.

ಕುರ್ಚಿಯ ಬೆನ್ನಿಗೆ ನೇತುಹಾಕಿದ್ದ ಹಳೇ ಬನಿಯನ್ನಿನ ತುಂಡು ತೆಗೆದುಕೊಂಡು ಅವನು ಶೋಕೇಸಿನ ಗಾಜು ಒರೆಸಿದ. ಮೇಲಿನಿಂದ ಕೆಳಗೆ, ಮೂಲೆ ಬಿಡದೆ, ಆತುರವಿಲ್ಲದೆ.

ಎದುರುಗಡೆಯಿಂದ ಪಿಳ್ಳಪ್ಪ ಶಟರಿನ ಕೆಳಗೆ ಬಗ್ಗಿ ನೋಡಿದ. ಏನೂ ಕೇಳದೆ ಹೋಗಿ, ಒಂದು ಲೋಟ ಹಿಡಿದು ಬಂದ. ಎಲ್ಲಿ ಕೊಡಲಿ ಎಂದು ಕುರ್ಚಿಯ ಕಡೆ, ಮೂಲೆಯ ಕಡೆ ನೋಡಿದ. ಮುಜಫ್ಫರ್ ಮೂಲೆಗೆ ಹೋಗಿ ಪೆಟ್ಟಿಗೆಯ ಮೇಲೆ ಕೂತ. ದಿನವೂ ಕೂರುವ ಹಾಗಲ್ಲ. ರಸ್ತೆಗೆ ಬೆನ್ನು ಮಾಡಿ, ಶೋಕೇಸಿಗೆ ಮುಖ ಮಾಡಿ.

"ಸಕ್ರೆ ಆಕಿಲ್ಲ" ಎಂದ ಪಿಳ್ಳಪ್ಪ. ಲೋಟ ಕೊಟ್ಟು, ಬಗ್ಗಿ ಹೊರಗೆ ಹೋದ.

ಈ ಹೊತ್ತಿಗೆ ರುಖ್ಸಾರ್ ಪ್ಲಗ್ ಹಾಕಿರುತ್ತಾಳೆ. ಅಕ್ಷರಗಳು ಓಡಿರುತ್ತವೆ. ಖಾಲಿ ಬಯಲಿನಲ್ಲಿ ಬಾಣ ಬಂದು ನಿಂತಿರುತ್ತದೆ. ಇನ್ನು ಸ್ವಲ್ಪ ಕಾಯಬೇಕು. ಅವನು ಕಾದ.

ಗಾಜಿನಲ್ಲಿ, ಕೆಪಾಸಿಟರುಗಳ ಸಾಲಿನ ಮೇಲೆ, ಬಿಳಿ ಟೋಪಿಯ ಒಬ್ಬ ಮುದುಕ ಕೂತಿದ್ದ. ಅವನ ತಲೆಯ ಮೇಲೆ, ಬಾಗಿಲ ಎತ್ತರದಲ್ಲಿ, ಕ್ಯಾಮೆರಾದ ಕೆಂಪು ಚುಕ್ಕೆ ನೇರವಾಗಿ ಅವನನ್ನೇ ನೋಡುತ್ತಿತ್ತು.

ಮುಜಫ್ಫರ್ ಅಭ್ಯಾಸಬಲದಿಂದ ಲೋಟವನ್ನು ಬೆನ್ನ ಹಿಂದಕ್ಕೆ ಸರಿಸಿದ.

ಗಾಜಿನಲ್ಲಿ ಅದೂ ಕಂಡಿತು.